ಹಗೇವಿಗೆ ಬಿದ್ದ ಕನ್ನ

ಹುಮನಾಬಾದಿನಿಂದ ಬಸವಕಲ್ಯಾಣದ ದಾರಿ ಹಿಡಿದರೆ ಸಿಗುವ ಊರು ಹುಡಗಿ. ಮಾರ್ಚ್ ಕೊನೆಯ ಒಂದು ಬೆಳಗ್ಗೆ, ಇನ್ನೂ ಐದೂವರೆ ಆಗಿರಲಿಲ್ಲ, ಹೊಲದ ಕಡೆ ಹೋಗುವ ಡಾಂಬರು ರಸ್ತೆಯ ಮೇಲೆ ಏಳೆಂಟು ಹುಡುಗರು ಮೈ ಬಿಸಿ ಮಾಡಿಕೊಳ್ಳುತ್ತಿದ್ದರು. ರಸ್ತೆಗೆ ಅಡ್ಡಲಾಗಿ ಸುಣ್ಣದ ಒಂದು ಗೆರೆ. ದೂರದಲ್ಲಿ, ಬೇವಿನ ಮರದ ಹತ್ತಿರ, ಇನ್ನೊಂದು. ಇಲ್ಲಿಂದ ಅಲ್ಲಿಗೆ 800 ಮೀಟರ್. ಹೋಗಿ ಬಂದರೆ 1600. ‘ಸೋಲಾ ಸೌ’ ಎನ್ನುತ್ತಾರೆ ಹುಡುಗರು. ಬೀದರ್ ಸೀಮೆಯಲ್ಲಿ ಲೆಕ್ಕ ಅರ್ಧ ಉರ್ದುವಿನಲ್ಲೇ ನಡೆಯುತ್ತದೆ.

ಕರ್ನಾಟಕದಲ್ಲಿ ಪೊಲೀಸ್ ಕಾನ್‌ಸ್ಟೇಬಲ್ ಆಗಲು ಹುಡುಗರು 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಓಡಿ ಮುಗಿಸಬೇಕು. ಸೆಕೆಂಡಿಗೆ ನಾಲ್ಕು ಮೀಟರಿಗಿಂತ ತುಸು ಹೆಚ್ಚು. ಅಗ್ನಿವೀರರ ರ‍್ಯಾಲಿಯಲ್ಲಿ ಇದೇ ದೂರವನ್ನು ಐದೂವರೆ ನಿಮಿಷದಲ್ಲಿ ಓಡಿದವನಿಗೆ ಪೂರ್ತಿ 60 ಅಂಕ. ಕೇಳಲು ದೊಡ್ಡ ವೇಗವಲ್ಲ. ಆದರೆ ಮೂರು ಎಕರೆ ತೊಗರಿ, ಇಬ್ಬರು ತಂಗಿಯರು, ಮೈಮೇಲೊಂದು ಸೊಸೈಟಿ ಸಾಲ ಇರುವ ಮನೆಯಲ್ಲಿ ಆರೂವರೆಗೂ ಆರು ನಲವತ್ತಕ್ಕೂ ನಡುವಿನ ಹತ್ತು ಸೆಕೆಂಡು ಒಂದು ಜೀವಮಾನದಷ್ಟು ಉದ್ದ ಇರುತ್ತದೆ.

ಓಟ ಮುಗಿಸಿದ ಹುಡುಗನೊಬ್ಬ ಮೊಣಕಾಲಿಗೆ ಕೈ ಊರಿ ನಿಂತ. ಮೊಬೈಲ್ ಹಿಡಿದವನು ಕೂಗಿದ: ಆರು ನಲವತ್ತೆಂಟು. ಹದಿನೆಂಟು ಸೆಕೆಂಡು ಹೆಚ್ಚು. ತಿಂಗಳಿಂದ ಅಲ್ಲೇ ನಿಂತಿದೆಯಂತೆ. ಆಮೇಲೆ, ನಾನು ಬರೆಯುವವನೆಂದು ತಿಳಿದ ಮೇಲೆ, ಅವನು ಬ್ಯಾಗಿನ ಒಳಜೇಬಿನಿಂದ ಕರವಸ್ತ್ರದಲ್ಲಿ ಸುತ್ತಿದ ಗಾಜಿನ ಸಣ್ಣ ಸೀಸೆ ತೆಗೆದು ತೋರಿಸಿದ. ರಬ್ಬರ್ ಮುಚ್ಚಳ, ಮೇಲೆ ಅಲ್ಯೂಮಿನಿಯಂ ಪಟ್ಟಿ, ಒಳಗೆ ನೀರಿನಂಥ ದ್ರವ. “ಭರ್ತಿ ದಿನಕ್ಕಂತ ಇಟ್ಕೊಂಡೀನ್ರಿ. ಇದ್ನ ತಗೊಂಡ್ರ ದಣಿವೇ ಆಗಂಗಿಲ್ಲಂತ.”

ಸೀಸೆಯ ಮೇಲಿದ್ದ ಹೆಸರು ಮೆಫೆಂಟರ್ಮಿನ್.

ಹೆಸರು ಹೊಸದು ಅನ್ನಿಸಿದರೂ ವಸ್ತು ಹಳೆಯದು. ನಿಮ್ಮ ಮನೆಯಲ್ಲಿ ಯಾರಿಗಾದರೂ ಸಿಸೇರಿಯನ್ ಆಗಿದ್ದರೆ, ಬೆನ್ನಿಗೆ ಸೂಜಿ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿದ್ದರೆ, ಇದೇ ಸೀಸೆ ಆ ಕೋಣೆಯ ಟ್ರೇಯಲ್ಲಿ ಇದ್ದಿರಬಹುದು. ಬೆನ್ನಿನ ಅರಿವಳಿಕೆ ಕೊಟ್ಟಾಗ ಕೆಲವರ ರಕ್ತದೊತ್ತಡ ದಿಢೀರನೆ ಕುಸಿಯುತ್ತದೆ. ಆಗ ಅರಿವಳಿಕೆ ವೈದ್ಯರು ಇದನ್ನು ಸ್ವಲ್ಪವೇ ಸ್ವಲ್ಪ ರಕ್ತನಾಳಕ್ಕೆ ಕೊಟ್ಟು, ಕಣ್ಣು ಮಾನಿಟರ್ ಮೇಲೆ ನೆಟ್ಟು ಕೂರುತ್ತಾರೆ. ಶೆಡ್ಯೂಲ್ ಎಚ್ ಔಷಧಿ, ಅಂದರೆ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಇಲ್ಲಿಂದ ಮೂರು ತಾಸಿನ ದಾರಿಯ ಹೈದರಾಬಾದಿನಲ್ಲಿ ಇದನ್ನು ಜಿಮ್ ಹುಡುಗರಿಗೆ ಮಾರುತ್ತಿದ್ದವರನ್ನು ಪೊಲೀಸರು ಹಿಡಿದ ಸುದ್ದಿ ಈಚಿನ ವರ್ಷಗಳಲ್ಲಿ ಮತ್ತೆಮತ್ತೆ ಬಂದಿದೆ. ಬಿದ್ದ ರಕ್ತದೊತ್ತಡವನ್ನು ಎತ್ತಲು ಮಾಡಿದ ಮದ್ದನ್ನು, ಒತ್ತಡ ಸರಿಯಾಗಿಯೇ ಇರುವ ಹತ್ತೊಂಬತ್ತರ ಹುಡುಗ, ಓಡಿ ಇನ್ನಷ್ಟು ಏರಿಸಿಕೊಳ್ಳುವ ಹೊತ್ತಿಗೆ ಸರಿಯಾಗಿ ಚುಚ್ಚಿಕೊಳ್ಳುತ್ತಾನೆ.

ಅದು ಒಳಗೆ ಹೋಗಿ ಏನು ಮಾಡುತ್ತದೆ? ನಮ್ಮ ಹಳೆಯ ಮನೆಗಳ ಹಗೇವು ನೆನಪು ಮಾಡಿಕೊಳ್ಳಿ. ಅಂಗಳದಲ್ಲಿ ನೆಲ ತೋಡಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಸುಗ್ಗಿಗೂ ಸುಗ್ಗಿಗೂ ನಡುವೆ, ಅಥವಾ ಬರ ಬಿದ್ದಾಗ, ಬೇಕಾದಷ್ಟು ಮಾತ್ರ ತೆಗೆಯುವುದು. ನಮ್ಮ ನರಗಳ ತುದಿಯಲ್ಲಿಯೂ ಇಂಥ ಹಗೇವುಗಳಿವೆ, ಕಣ್ಣಿಗೆ ಕಾಣದಷ್ಟು ಪುಟ್ಟವು. ಅವುಗಳಲ್ಲಿ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ತುಂಬಿಟ್ಟಿರುತ್ತದೆ. ನಾಯಿ ಅಟ್ಟಿಸಿಕೊಂಡು ಬಂದಾಗ ಎದೆ ಡವಗುಟ್ಟುತ್ತದಲ್ಲ, ಅದು ಹಗೇವಿನಿಂದ ಒಂದು ಹಿಡಿ ಹೊರಬಂದ ಗುರುತು. ಮೆಫೆಂಟರ್ಮಿನ್, ಎಫೆಡ್ರಿನ್, ಆಂಫೆಟಮಿನ್, ಈ ಅಣ್ಣತಮ್ಮಂದಿರೆಲ್ಲ ಮುಖ್ಯವಾಗಿ ಮಾಡುವುದು ಒಂದೇ ಕೆಲಸ: ಹಗೇವಿಗೆ ಕನ್ನ ಹಾಕುವುದು. ಸಂಗ್ರಹವಾದದ್ದು ಒಮ್ಮೆಗೇ ಹೊರಚೆಲ್ಲುತ್ತದೆ. ಹೃದಯ ಕುದುರೆಯಾಗುತ್ತದೆ, ರಕ್ತನಾಳ ಬಿಗಿಯುತ್ತದೆ, ತಲೆಯಲ್ಲಿ ‘ನಾನು ಏನು ಬೇಕಾದರೂ ಮಾಡಬಲ್ಲೆ’ ಎಂಬ ಭಾವ ಏರುತ್ತದೆ.

ಗಮನಿಸಬೇಕಾದ ಮಾತೆಂದರೆ, ಹೊರಗಿನಿಂದ ಒಂದು ಕಾಳೂ ಬಂದಿಲ್ಲ. ಚೆಲ್ಲಿದ್ದು ಮನೆಯದೇ ಜೋಳ. ಹಗೇವು ಮತ್ತೆ ತುಂಬುವ ಮೊದಲೇ ಎರಡನೆಯ ಸಲ ಕನ್ನ ಹಾಕಿದರೆ ಸಿಗುವುದು ಕಡಿಮೆ. ಮೂರನೆಯ ಸಲ ಇನ್ನೂ ಕಡಿಮೆ. ಔಷಧ ವಿಜ್ಞಾನದಲ್ಲಿ ಇದಕ್ಕೆ ಟ್ಯಾಕಿಫೈಲ್ಯಾಕ್ಸಿಸ್ ಎನ್ನುತ್ತಾರೆ. ಜಿಮ್ಮಿನ ಭಾಷೆಯಲ್ಲಿ ಇದೇ ‘ಮೈಗೆ ಹತ್ತಂಗಿಲ್ಲ ಈಗ, ಜಾಸ್ತಿ ಬೇಕು’. ಜಾಸ್ತಿ ಮಾಡುತ್ತ ಹೋದವರು ಕೊನೆಗೆ ಓಟಕ್ಕಲ್ಲ, ಹಾಸಿಗೆಯಿಂದ ಏಳುವುದಕ್ಕೇ ಸೂಜಿ ಹುಡುಕುವ ಹಂತ ಮುಟ್ಟುತ್ತಾರೆ. ಯಾರೋ ಹಿಂದೆ ಬಿದ್ದಿದ್ದಾರೆ, ಗೋಡೆಯಾಚೆ ನನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ ಎಂಬ ಭ್ರಮೆ ಹತ್ತಿ ಮನೋರೋಗ ವಿಭಾಗಕ್ಕೆ ಬಂದ ಮೆಫೆಂಟರ್ಮಿನ್ ವ್ಯಸನಿಗಳ ಕಥೆ ಭಾರತದ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿದೆ.

ಆದರೆ ಹುಡಗಿಯ ಹುಡುಗನ ಮಾತಿನಲ್ಲಿ ಒಂದು ಸತ್ಯ ಇತ್ತು: ‘ದಣಿವೇ ಆಗಂಗಿಲ್ಲ.’ ಅಪಾಯ ಇರುವುದೂ ಸರಿಯಾಗಿ ಅದೇ ಜಾಗದಲ್ಲಿ.

ಬ್ರಸೆಲ್ಸ್‌ನ ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನನಗೆ ಬಹಳ ಇಷ್ಟ, ಏಕೆಂದರೆ ಅದು ಸಣ್ಣದು, ಸರಳವಾದದ್ದು. ಪಳಗಿದ ಎಂಟು ಮಂದಿ ಸೈಕಲ್ ಸವಾರರು. ಅವರಿಗೆ ಒಮ್ಮೆ ಸುಮ್ಮನೆ ಹುಸಿಗುಳಿಗೆ, ಇನ್ನೊಮ್ಮೆ ಮೀಥೈಲ್‌ಫೆನಿಡೇಟ್ ಎಂಬ ಉತ್ತೇಜಕ. ಸವಾರಿ ಒಮ್ಮೆ 18 ಡಿಗ್ರಿಯ ತಂಪು ಕೋಣೆಯಲ್ಲಿ, ಇನ್ನೊಮ್ಮೆ 30 ಡಿಗ್ರಿಯ ಸೆಖೆಯಲ್ಲಿ. ತಂಪಿನಲ್ಲಿ ಮಾತ್ರೆಯಿಂದ ಏನೂ ಲಾಭ ಆಗಲಿಲ್ಲ. ಸೆಖೆಯಲ್ಲಿ ಮಾತ್ರ ಶೇ. 16ರಷ್ಟು ಬೇಗ ಮುಗಿಸಿದರು! ಔಷಧಿ ನಿಜವಾಗಿ ಶಕ್ತಿ ಕೊಡುವುದಾದರೆ ತಂಪಿನಲ್ಲೂ ಕೊಡಬೇಕಿತ್ತಲ್ಲ? ಗುಟ್ಟು ಇದ್ದದ್ದು ಅವರ ದೇಹದ ಒಳತಾಪದಲ್ಲಿ. ಮಾತ್ರೆ ನುಂಗಿ ಸೆಖೆಯಲ್ಲಿ ತುಳಿದಾಗ ಅದು 40 ಡಿಗ್ರಿ ದಾಟಿತ್ತು. ‘ಎಷ್ಟು ಕಷ್ಟ ಆಗ್ತಿದೆ? ಎಷ್ಟು ಸೆಖೆ?’ ಎಂದು ಕೇಳಿದರೆ ಸವಾರರು ಕೊಟ್ಟ ಅಂಕ ಮಾತ್ರ ಮೊದಲಿನಷ್ಟೇ.

ಅಂದರೆ ಸೆಖೆಯಲ್ಲಿ ನಾವು ನಿಧಾನವಾಗುವುದು ಸ್ನಾಯು ಸೋತಿದ್ದರಿಂದಲ್ಲ. ‘ಇನ್ನು ಸಾಕು, ಒಳಗೆ ಬೇಯುತ್ತಿದೆ’ ಎಂದು ಮಿದುಳು ಮೊದಲೇ ಬ್ರೇಕ್ ಒತ್ತುವುದರಿಂದ. ಉತ್ತೇಜಕ ಎಂಜಿನ್ನಿಗೆ ಬಲ ತುಂಬಲಿಲ್ಲ, ಬ್ರೇಕಿನ ವೈರ್ ಕತ್ತರಿಸಿತು.

ಬ್ರಸೆಲ್ಸಿನ ಕೋಣೆಯಲ್ಲಿ 30 ಡಿಗ್ರಿ. ನಮ್ಮ ಹುಮನಾಬಾದಿನಲ್ಲಿ ಏಪ್ರಿಲ್ ಮೇ ತಿಂಗಳ ಮಧ್ಯಾಹ್ನ 40. ಓಡುವಾಗ ಸ್ನಾಯು ಸುಡುವ ಇಂಧನದಲ್ಲಿ ಕಾಲು ಭಾಗ ಮಾತ್ರ ಓಟವಾಗುತ್ತದೆ, ಉಳಿದ ಮುಕ್ಕಾಲು ಬರೀ ಶಾಖ. ಆ ಶಾಖ ಹೊರಹೋಗುವ ದಾರಿ ಚರ್ಮ: ಅಲ್ಲಿನ ರಕ್ತನಾಳ ಹಿಗ್ಗಬೇಕು, ಬೆವರು ಸುರಿಯಬೇಕು. ಉತ್ತೇಜಕವೋ ಅದೇ ರಕ್ತನಾಳಗಳನ್ನು ಬಿಗಿಯುತ್ತದೆ. ಒಲೆ ಉರಿ ಹೆಚ್ಚಿಸಿ, ಕಿಟಕಿ ಮುಚ್ಚಿ, ಮೇಲಿಂದ ಮನೆಯವರಿಗೆ ಸೆಖೆಯೇ ಗೊತ್ತಾಗದಂತೆ ಮಾಡಿದ ಹಾಗೆ.

ಟಾಮ್ ಸಿಂಪ್ಸನ್ ಎಂಬ ಇಂಗ್ಲಿಷ್ ಸೈಕಲ್ ವೀರ ಸತ್ತದ್ದು ಹೀಗೆ. 1967ರ ಜುಲೈ 13, ಟೂರ್ ಡಿ ಫ್ರಾನ್ಸ್, ಮರಗಿಡಗಳಿಲ್ಲದ ಮಾಂಟ್ ವೆಂಟೂ ಬೆಟ್ಟದ ಏರು. ಶಿಖರ ಇನ್ನೇನು ಒಂದೂವರೆ ಕಿಲೋಮೀಟರ್ ಇರುವಾಗ ಓಲಾಡಿ ಬಿದ್ದ. ಎತ್ತಿ ಮತ್ತೆ ಸೈಕಲ್ ಮೇಲೆ ಕೂರಿಸಿದರು. ಸ್ವಲ್ಪ ದೂರ ಹೋಗಿ ಮತ್ತೆ ಬಿದ್ದ. 29 ವರ್ಷ. ಅವನ ರಕ್ತದಲ್ಲಿಯೂ ಜೆರ್ಸಿಯ ಜೇಬಿನಲ್ಲಿಯೂ ಆಂಫೆಟಮಿನ್ ಸಿಕ್ಕಿತು. ಮೂವತ್ತಾರು ವರ್ಷದ ನಂತರ, 2003ರ ಫೆಬ್ರವರಿಯಲ್ಲಿ, ಅಮೆರಿಕದ ಫ್ಲೋರಿಡಾದಲ್ಲಿ ಸ್ಟೀವ್ ಬೆಕ್ಲರ್ ಎಂಬ 23ರ ಬೇಸ್‌ಬಾಲ್ ಆಟಗಾರ ಅಭ್ಯಾಸದ ನಡುವೆ ಕುಸಿದು ಮರುದಿನ ತೀರಿಕೊಂಡ. ಅವನ ಒಳತಾಪ 108 ಡಿಗ್ರಿ ಫ್ಯಾರನ್‌ಹೀಟ್ ತಲುಪಿತ್ತು. ತೂಕ ಇಳಿಸಲೆಂದು ಅಂಗಡಿಯಲ್ಲಿ ರಾಜಾರೋಷವಾಗಿ ಸಿಗುತ್ತಿದ್ದ ಎಫೆಡ್ರಾ ಎಂಬ ಗಿಡಮೂಲಿಕೆ ಸಪ್ಲಿಮೆಂಟು ತೆಗೆದುಕೊಳ್ಳುತ್ತಿದ್ದ. ಎಫೆಡ್ರಿನ್ ಹುಟ್ಟುವುದೇ ಆ ಗಿಡದಲ್ಲಿ. ಮರುವರ್ಷ ಅಮೆರಿಕ ಅದನ್ನು ಸಪ್ಲಿಮೆಂಟುಗಳಲ್ಲಿ ನಿಷೇಧಿಸಿತು. ‘ಗಿಡಮೂಲಿಕೆ, ಸೈಡ್ ಎಫೆಕ್ಟ್ ಇಲ್ಲ’ ಎನ್ನುವವರು ಸಿಕ್ಕಾಗ ನಾನು ಈ ಹುಡುಗನ ಕಥೆ ಹೇಳುತ್ತೇನೆ. ಅಫೀಮೂ ಗಿಡಮೂಲಿಕೆಯೇ.

ನಮ್ಮ ದೇಶದಲ್ಲಿ? 2024ರ ಆಗಸ್ಟ್‌–ಸೆಪ್ಟೆಂಬರಿನಲ್ಲಿ ಜಾರ್ಖಂಡ್‌ನಲ್ಲಿ ಅಬಕಾರಿ ಕಾನ್‌ಸ್ಟೇಬಲ್ ಭರ್ತಿ ನಡೆಯಿತು. ಗಂಡುಹುಡುಗರು ಒಂದು ತಾಸಿನಲ್ಲಿ 10 ಕಿಲೋಮೀಟರ್ ಓಡಬೇಕು. ಹತ್ತಕ್ಕೂ ಹೆಚ್ಚು ಅಭ್ಯರ್ಥಿಗಳು ಸತ್ತರು. ಕೆಲವರು ಉತ್ತೇಜಕ ಸೇವಿಸಿರಬಹುದು ಎಂಬ ಶಂಕೆ ವೈದ್ಯರ ಕಡೆಯಿಂದ ಕೇಳಿಬಂತು. ಆದರೆ ಎಲ್ಲವನ್ನೂ ಸೂಜಿಯ ತಲೆಗೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಆ ಉಬ್ಬೆಯಲ್ಲಿ, ನಡುರಾತ್ರಿಯಿಂದ ಸಾಲಿನಲ್ಲಿ ನಿಂತು, ಅರೆಹೊಟ್ಟೆಯಲ್ಲಿ ಹತ್ತು ಕಿಲೋಮೀಟರ್ ಓಡಿಸಿದರೆ ಸೂಜಿಯಿಲ್ಲದೆಯೂ ಹುಡುಗರು ಬೀಳುತ್ತಾರೆ. ಅಂಥ ಓಟಕ್ಕೆ ಸೂಜಿಯನ್ನೂ ಸೇರಿಸಿದರೆ ಏನಾದೀತು ಎಂಬುದಷ್ಟೇ ಪ್ರಶ್ನೆ. ಸುಮಾರು ಐನೂರರಲ್ಲಿ ಒಬ್ಬರಿಗೆ ಹೃದಯದ ಸ್ನಾಯು ಹುಟ್ಟಿನಿಂದಲೇ ದಪ್ಪಗಾಗುವ ಗುಣ ಇರುತ್ತದೆ; ಹೆಚ್ಚಿನವರಿಗೆ ಅದು ಗೊತ್ತಿರುವುದೇ ಇಲ್ಲ. ಅಂಥ ಹೃದಯಕ್ಕೆ ನಾರ್‌ಅಡ್ರಿನಲಿನ್ ಪ್ರವಾಹ ಹರಿಸಿದರೆ ತಾಳ ತಪ್ಪಲು ಒಂದು ನಿಮಿಷ ಸಾಕು.

ಇನ್ನು ಸೀಸೆಯ ಜೊತೆಗಿನ ಎರಡನೆಯ ಡಬ್ಬಿ. ಓಡುವವರ ಕೈಗೆ ಉತ್ತೇಜಕವಾದರೆ ಮೈ ಬೆಳೆಸುವವರ ಕೈಗೆ ಸ್ಟೆರಾಯ್ಡ್. ‘ಟೆಸ್ಟೋ’, ‘ಡೆಕಾ’ ಎನ್ನುತ್ತಾರೆ. ಕೆಲವು ವಾರ ತೆಗೆದುಕೊಳ್ಳುವುದಕ್ಕೆ ‘ಸೈಕಲ್ ಹಾಕೋದು’. ಇವು ಉತ್ತೇಜಕಗಳ ಹಾಗೆ ಕನ್ನ ಹಾಕುವುದಿಲ್ಲ. ಇವುಗಳ ಕುತಂತ್ರ ಬೇರೆ. ಮಾಳಿಗೆಯ ಮೇಲಿನ ನೀರಿನ ಟ್ಯಾಂಕಿನೊಳಗೆ ತೇಲುಗುಂಡು ಇರುತ್ತದಲ್ಲ, ನೀರು ತುಂಬಿದರೆ ಮೇಲೇರಿ ಮೋಟರಿಗೆ ‘ನಿಲ್ಲು’ ಅನ್ನುತ್ತದೆ. ಮಿದುಳಿನ ತಳದಲ್ಲಿಯೂ ಹಾಗೊಂದು ತೇಲುಗುಂಡು. ಹೊರಗಿನ ಟ್ಯಾಂಕರಿನಿಂದ ಗಂಡುಹಾರ್ಮೋನ್ ಸುರಿದಾಗ ಅದು ವೃಷಣಗಳಿಗೆ ‘ಸಾಕು’ ಎನ್ನುತ್ತದೆ. ಕೆಲಸವಿಲ್ಲದ ಮೋಟರ್ ತುಕ್ಕು ಹಿಡಿಯುತ್ತದೆ: ವೃಷಣ ಕುಗ್ಗುತ್ತವೆ, ವೀರ್ಯಾಣು ಇಳಿಯುತ್ತವೆ. ಟ್ಯಾಂಕರ್ ಬರುವುದು ನಿಂತ ದಿನ ಮನೆಯಲ್ಲಿ ನೀರೇ ಇಲ್ಲ. ಉತ್ಸಾಹ, ಕಾಮ, ನಿದ್ದೆ ಎಲ್ಲ ಬತ್ತುತ್ತವೆ. ಈ ಖಿನ್ನತೆ ತಾಳಲಾರದೆ ಮತ್ತೊಂದು ಸೈಕಲ್ ಹಾಕುವವರೇ ಹೆಚ್ಚು. ಗಂಡಸುತನ ಹೆಚ್ಚಿಸಲು ಹೊರಟವನಿಗೆ ಎದೆ ಹೆಣ್ಣಿನಂತೆ ಉಬ್ಬುವುದೂ ಉಂಟು, ಏಕೆಂದರೆ ಹೆಚ್ಚಾದ ಟೆಸ್ಟೋಸ್ಟೆರಾನಿನ ಒಂದು ಪಾಲನ್ನು ದೇಹ ಈಸ್ಟ್ರೋಜನ್ ಆಗಿ ಮಾರ್ಪಡಿಸುತ್ತದೆ.

ಇದೇ ಈಸ್ಟ್ರೋಜನ್ ಹದಿನಾರು ಹದಿನೇಳರ ಹುಡುಗರಿಗೆ ಇನ್ನೊಂದು ಪೆಟ್ಟು ಕೊಡುತ್ತದೆ. ಉದ್ದ ಮೂಳೆಗಳ ತುದಿಯಲ್ಲಿ ಮೃದ್ವಸ್ಥಿಯ ತೆಳು ಪದರ ಇದೆ. ನಾವು ಎತ್ತರ ಬೆಳೆಯುವುದು ಅಲ್ಲಿಂದ. ಪ್ರಾಯ ಮುಗಿಯುತ್ತ ಬಂದ ಹಾಗೆ ಈಸ್ಟ್ರೋಜನ್ ಆ ಪದರವನ್ನು ಗಟ್ಟಿ ಮೂಳೆಯಾಗಿಸಿ ಮುಚ್ಚುತ್ತದೆ. ಗಂಡುಹುಡುಗರಲ್ಲೂ ಈ ಕೆಲಸ ಈಸ್ಟ್ರೋಜನ್ನಿನದೇ. ಸ್ಟೆರಾಯ್ಡ್ ಸುರಿದರೆ ಬಾಗಿಲು ವರ್ಷ ಎರಡು ವರ್ಷ ಮೊದಲೇ ಹಾಕಿಕೊಳ್ಳುತ್ತದೆ, ಮತ್ತೆ ತೆರೆಯುವುದಿಲ್ಲ. ಸೈನ್ಯಕ್ಕೆ ಸೇರಲು ತೋಳು ದಪ್ಪ ಮಾಡಿಕೊಳ್ಳುವ ಹುಡುಗನಿಗೆ, ಅದೇ ಸೈನ್ಯ ಮೊದಲು ಅಳೆಯುವುದು ಎತ್ತರವನ್ನು ಎಂಬುದು ಗೊತ್ತಿರುತ್ತದೆ. ತೋಳಿನ ಸೂಜಿಗೂ ಎತ್ತರಕ್ಕೂ ಇರುವ ನಂಟನ್ನು ಯಾರೂ ಹೇಳಿರುವುದಿಲ್ಲ.

ಹೆಣ್ಣುಮಕ್ಕಳ ಕಥೆ ಇನ್ನೂ ಕ್ರೂರ. ಪೂರ್ವ ಜರ್ಮನಿ ತನ್ನ ಸಾವಿರಾರು ಕ್ರೀಡಾಪಟುಗಳಿಗೆ, ಅದರಲ್ಲಿ ಹದಿಹರೆಯದ ಹುಡುಗಿಯರೂ ಸೇರಿ, ಓರಲ್ ಟುರಿನಾಬೋಲ್ ಎಂಬ ನೀಲಿ ಮಾತ್ರೆಯನ್ನು ‘ವಿಟಮಿನ್’ ಎಂದು ಹೇಳಿ ತಿನ್ನಿಸಿತು. ಹೈಡಿ ಕ್ರೀಗರ್ ಎಂಬ ಹುಡುಗಿಗೆ ಅದು ಹದಿನಾರನೆಯ ವಯಸ್ಸಿಗೇ ಶುರುವಾಯಿತು. 1986ರಲ್ಲಿ ಗುಂಡು ಎಸೆತದಲ್ಲಿ ಯೂರೋಪಿನ ಚಿನ್ನ ಗೆದ್ದಳು. ಒಡೆದ ಧ್ವನಿ, ಬೆಳೆದ ರೋಮ ಯಾವುದೂ ಹಿಂದಿರುಗಲಿಲ್ಲ. ಮುಂದೆ ಆ ವ್ಯಕ್ತಿ ಲಿಂಗ ಬದಲಿಸಿಕೊಂಡು ಆಂಡ್ರಿಯಾಸ್ ಕ್ರೀಗರ್ ಆದರು. 2000ದಲ್ಲಿ ಬರ್ಲಿನ್ನಿನ ನ್ಯಾಯಾಲಯ ಆ ದೇಶದ ಮಾಜಿ ಕ್ರೀಡಾ ಮುಖ್ಯಸ್ಥ ಮಾನ್‌ಫ್ರೆಡ್ ಎವಾಲ್ಡನನ್ನು ತಪ್ಪಿತಸ್ಥನೆಂದಿತು. ಆತ ಸೆರೆಮನೆಗೆ ಹೋಗಲಿಲ್ಲ.

ನಮ್ಮ ಕರ್ನಾಟಕದ ಹೆಸರು ಈ ಪಟ್ಟಿಗೆ ಸೇರಿದ್ದು 2011ರಲ್ಲಿ. ಉಡುಪಿ ಜಿಲ್ಲೆಯ ಸಿದ್ದಾಪುರದ ಕಡೆಯ ಅಶ್ವಿನಿ ಅಕ್ಕುಂಜಿ ಅದರ ಹಿಂದಿನ ವರ್ಷವಷ್ಟೇ ಮನೆಮಾತಾಗಿದ್ದರು: ದೆಹಲಿ ಕಾಮನ್‌ವೆಲ್ತ್ ಕೂಟದ 4x400 ರಿಲೇಯಲ್ಲಿ ಚಿನ್ನ, ಗ್ವಾಂಗ್‌ಝೌ ಏಷ್ಯನ್ ಕೂಟದಲ್ಲಿ ಎರಡು ಚಿನ್ನ. ಕೃಷಿಕರ ಮಗಳು ಓಡಿದ್ದನ್ನು ನೋಡಿ ಇಡೀ ರಾಜ್ಯ ಕುಣಿದಿತ್ತು. 2011ರ ಜುಲೈ ಹೊತ್ತಿಗೆ ರಿಲೇ ತಂಡದ ಒಬ್ಬೊಬ್ಬರೇ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಅಶ್ವಿನಿಯವರ ಮೂತ್ರದಲ್ಲಿ ಮೆಥಾಂಡಿಯನೋನ್ ಎಂಬ ಸ್ಟೆರಾಯ್ಡ್. ತರಬೇತುದಾರ, ಉಕ್ರೇನಿನ ಯೂರಿ ಒಗೊರೊದ್ನಿಕ್, ಚೀನಾದಿಂದ ತಂದುಕೊಟ್ಟ ಜಿನ್ಸೆಂಗ್ ಬೇರಿನ ಗುಳಿಗೆಯಲ್ಲಿ ಅದು ಬೆರೆತಿತ್ತು ಎಂಬುದು ಓಟಗಾರ್ತಿಯರ ವಾದ. ಆತನನ್ನು ಕೆಲಸದಿಂದ ತೆಗೆದರು. ಭಾರತದ ಶಿಸ್ತು ಸಮಿತಿ ಹುಡುಗಿಯರ ತಪ್ಪು ದೊಡ್ಡದಲ್ಲವೆಂದು ಒಂದು ವರ್ಷದ ನಿಷೇಧ ಹಾಕಿತು. 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ಅಷ್ಟರಲ್ಲಿ ಲಂಡನ್ ಒಲಿಂಪಿಕ್ಸ್ ಕೈತಪ್ಪಿ ಹೋಯಿತು.

ಆ ಗುಳಿಗೆಯ ಕಥೆ ನಂಬಲಾಗದ್ದೇನೂ ಅಲ್ಲ. ಜರ್ಮನಿಯ ಕಲೋನ್ ನಗರದ ಪ್ರಯೋಗಾಲಯವೊಂದು 2000–01ರಲ್ಲಿ ಹದಿಮೂರು ದೇಶಗಳ ಅಂಗಡಿಗಳಿಂದ 634 ಸಪ್ಲಿಮೆಂಟುಗಳನ್ನು ಕೊಂಡು ಪರೀಕ್ಷಿಸಿತ್ತು. 94ರಲ್ಲಿ ಚೀಟಿಯ ಮೇಲೆ ಹೆಸರೇ ಇಲ್ಲದ ಹಾರ್ಮೋನ್ ಸಂಯುಕ್ತಗಳು ಸಿಕ್ಕವು. ಆರೇಳು ಡಬ್ಬಿಗೆ ಒಂದು. ಕ್ರೀಡಾ ಕಾನೂನು ಮಾತ್ರ ‘ನಿನ್ನ ಮೈಯಲ್ಲಿ ಸಿಕ್ಕಿದ್ದಕ್ಕೆ ನೀನೇ ಹೊಣೆ’ ಎನ್ನುತ್ತದೆ. ಕಠೋರ ಅನ್ನಿಸಬಹುದು. ಆದರೆ ಯಕೃತ್ತಿನ ಕಾನೂನೂ ಅದೇ: ಗೊತ್ತಿದ್ದು ನುಂಗಿದೆಯೋ ಗೊತ್ತಿಲ್ಲದೆಯೋ ಎಂದು ಅದು ಕೇಳುವುದಿಲ್ಲ.

ದೊಡ್ಡವರಷ್ಟೇ ಅಲ್ಲ. 2023ರ ಸೆಪ್ಟೆಂಬರಿನಲ್ಲಿ ದೆಹಲಿ ರಾಜ್ಯಮಟ್ಟದ ಅಥ್ಲೆಟಿಕ್ ಕೂಟಕ್ಕೆ ಡೋಪಿಂಗ್ ಅಧಿಕಾರಿಗಳು ಬಂದರೆಂಬ ಸುದ್ದಿ ಹಬ್ಬಿದ್ದೇ ತಡ, ಮೈದಾನ ಖಾಲಿ. ಗಂಡಸರ 100 ಮೀಟರ್ ಫೈನಲ್‌ನಲ್ಲಿ ಓಡಿದ್ದು ಒಬ್ಬನೇ ಒಬ್ಬ. ಸ್ಟೀಪಲ್‌ಚೇಸ್ ಓಟದ ಕಿರಿಯ ಹುಡುಗಿಯೊಬ್ಬಳು ಗುರಿಗೆರೆ ದಾಟಿದ ಮೇಲೂ ನಿಲ್ಲದೆ ಓಡುತ್ತಲೇ ಹೋದಳು, ಹಿಂದೆ ಮಾದರಿ ಸಂಗ್ರಹಿಸುವ ಅಧಿಕಾರಿ! ಸ್ಟೇಡಿಯಮ್ಮಿನ ಶೌಚಾಲಯದಲ್ಲಿ ಬಿದ್ದಿದ್ದ ಸಿರಿಂಜುಗಳ ವಿಡಿಯೋ ಊರೂರು ಸುತ್ತಿತು. ಆ ವರ್ಷ ಭಾರತದಲ್ಲಿ ಪರೀಕ್ಷಿಸಿದ 5,606 ಮಾದರಿಗಳಲ್ಲಿ ಇನ್ನೂರಕ್ಕೂ ಹೆಚ್ಚಿನವುಗಳಲ್ಲಿ ನಿಷೇಧಿತ ವಸ್ತು ಸಿಕ್ಕಿದೆ ಎನ್ನುತ್ತದೆ ವಿಶ್ವ ಡೋಪಿಂಗ್ ವಿರೋಧಿ ಸಂಸ್ಥೆ ‘ವಾಡಾ’. ದೊಡ್ಡ ಸಂಖ್ಯೆಯಲ್ಲಿ ಪರೀಕ್ಷಿಸುವ ದೇಶಗಳಲ್ಲಿ ಇದು ಅತಿ ಕೆಟ್ಟ ಪ್ರಮಾಣ.

ಶೌಚಾಲಯದ ಸಿರಿಂಜು ಎಂದಾಗ ಇನ್ನೊಂದು ಮಾತು. ಒಂದೇ ಸೂಜಿಯನ್ನು ಇಬ್ಬರು ಹಂಚಿಕೊಂಡರೆ ಔಷಧಿಯ ಜೊತೆ ಹೆಪಟೈಟಿಸ್ ಬಿ, ಸಿ, ಎಚ್‌ಐವಿಗಳೂ ಹಂಚಿಕೆಯಾಗುತ್ತವೆ. ಗೆಳೆತನದ ಲೆಕ್ಕದಲ್ಲಿ ಹುಡುಗರು ಇದನ್ನು ಮರೆಯುತ್ತಾರೆ.

ಕಿರಾಣಿ ಅಂಗಡಿಯ ಫ್ರಿಜ್ಜಿನಲ್ಲಿರುವ ಬಣ್ಣದ ಬಾಟಲಿಯನ್ನು ಈ ಸಾಲಿಗೆ ಸೇರಿಸಬೇಕೇ? ಅದೇ ತೂಕದ ಅಪರಾಧವಲ್ಲ. ಆದರೆ ಮೆಟ್ಟಿಲಿನ ಮೊದಲ ಪಾವಟಿಗೆ ಅದೇ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಎನರ್ಜಿ ಡ್ರಿಂಕಿನ ಲೀಟರಿನಲ್ಲಿ 300 ಮಿಲಿಗ್ರಾಂವರೆಗೆ ಕೆಫೀನ್ ಇರಬಹುದು, 250 ಮಿ.ಲೀ. ಬಾಟಲಿಗೆ 75. ಹದಿಹರೆಯದವರಿಗೆ ದಿನಕ್ಕೆ ಕಿಲೋ ತೂಕಕ್ಕೆ 3 ಮಿಲಿಗ್ರಾಂ ಮಿತಿ ಎಂದು ಯೂರೋಪಿನ ಆಹಾರ ಸುರಕ್ಷತಾ ಸಂಸ್ಥೆ ಹೇಳುತ್ತದೆ. 45 ಕಿಲೋದ ಹುಡುಗ ಎರಡು ಬಾಟಲಿ ಕುಡಿದರೆ ಮಿತಿ ದಾಟಿದ, ಮೇಲಿನ ಚಹಾ ಬೇರೆ. ಮಕ್ಕಳಿಗೆ ಯೋಗ್ಯವಲ್ಲ ಎಂದು ಬಾಟಲಿಯ ಮೇಲೆ ಬರೆದೇ ಇರುತ್ತದೆ, ಇರುವೆ ಸಾಲಿನಂಥ ಅಕ್ಷರದಲ್ಲಿ. ನೀಟ್ ಓದುವವರು ರಾತ್ರಿ ಎಚ್ಚರಿರಲು ನುಂಗುವ ಮಾತ್ರೆಗಳ ವಿಚಾರವೂ ಹೀಗೇ: ನಿದ್ದೆಗೆಡುತ್ತದೆ, ಓದಿದ್ದು ನೆನಪಾಗಿ ಕೂರುವುದೇ ನಿದ್ದೆಯಲ್ಲಿ.

ಓಟಕ್ಕೂ ನಿದ್ದೆಗೂ ಅದೇ ನಂಟು. ನಾವು ಮೈದಾನದಲ್ಲಿ ಬಲಗೊಳ್ಳುವುದಿಲ್ಲ, ಮೈದಾನದಲ್ಲಿ ಸವೆಯುತ್ತೇವೆ. ರಾತ್ರಿಯ ಗಾಢ ನಿದ್ದೆಯಲ್ಲಿ ಬೆಳವಣಿಗೆಯ ಹಾರ್ಮೋನ್ ಉಕ್ಕಿ, ಸವೆದದ್ದಕ್ಕೆ ದುರಸ್ತಿ ಆಗಿ, ಮರುದಿನಕ್ಕೆ ಒಂದು ಎಳೆ ಹೆಚ್ಚು ನೇಯ್ಗೆ ಆಗಿರುತ್ತದೆ. ಉತ್ತೇಜಕದ ಹುಡುಗ ಸಂಜೆ ಸೂಜಿ ಹಾಕಿ ಎರಡು ತಾಸು ಕಬ್ಬಿಣ ಎತ್ತುತ್ತಾನೆ, ರಾತ್ರಿ ಎರಡರವರೆಗೆ ಕಣ್ಣು ಬಿಟ್ಟು ಬಿದ್ದಿರುತ್ತಾನೆ. ಬೆಳಗ್ಗೆ ದಣಿವು. ಅದಕ್ಕೆ ಮತ್ತೆ ಸೂಜಿ.

ಮೈ ಬಲಗೊಳಿಸುವ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ ಎಂಬುದು ಮೋಜಿನ ವಿಷಯ. ಹುಮನಾಬಾದಿನಿಂದ ಹುಡಗಿಗೆ ಬಂದ ದಾರಿಯಲ್ಲೇ ಮುಂದುವರಿದರೆ ಸಿಗುವ ಬಸವಕಲ್ಯಾಣ ಆಗಿನ ಕಲ್ಯಾಣ ಚಾಲುಕ್ಯರ ರಾಜಧಾನಿ. ಅಲ್ಲಿ ಆಳಿದ ಮೂರನೆಯ ಸೋಮೇಶ್ವರನ ಬಿರುದೇ ‘ಭೂಲೋಕಮಲ್ಲ’. 1130ರ ಆಸುಪಾಸಿನಲ್ಲಿ ಅವನು ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಜಟ್ಟಿಗಳ ಬಗ್ಗೆಯೇ ಒಂದು ಭಾಗ ಇದೆ. ವಯಸ್ಸು, ಬಲ ನೋಡಿ ಜಟ್ಟಿಗಳನ್ನು ವರ್ಗ ಮಾಡುತ್ತಾನೆ. ಭಾರ ಎತ್ತುವ ಶ್ರಮ, ನಡಿಗೆಯ ಶ್ರಮ, ನೀರಿನಲ್ಲಿ ಈಜುವ ಶ್ರಮ, ಕಂಬದ ಶ್ರಮ ಎಂದು ಸಾಧನೆಗಳನ್ನು ಬೇರೆಬೇರೆ ಮಾಡಿ ಹೇಳುತ್ತಾನೆ. ಅವರಿಗೆ ಏನು ಉಣ್ಣಿಸಬೇಕು ಎಂಬುದೂ ಅಲ್ಲಿದೆ: ಉದ್ದು, ಮಾಂಸ, ಮೊಸರು, ಹಾಲು, ತುಪ್ಪ. ಆ ಉದ್ದು ಇವತ್ತಿಗೂ ಬೀದರ್ ಜಿಲ್ಲೆಯ ಮುಂಗಾರಿನ ಬೆಳೆ. ಪ್ರೋಟೀನ್ ಪುಡಿಯ ಡಬ್ಬಿಗೆ ತಿಂಗಳಿಗೆ ಸಾವಿರಾರು ರೂಪಾಯಿ ಸುರಿಯುವ ಮನೆಯ ಹಿತ್ತಲಲ್ಲೇ ಅದು ರಾಶಿ ಬಿದ್ದಿರುತ್ತದೆ. ಜೋಳದ ರೊಟ್ಟಿ, ತೊಗರಿಬ್ಯಾಳಿ, ಶೇಂಗಾ ಹಿಂಡಿ, ಒಂದು ಬಟ್ಟಲು ಮೊಸರು, ಎರಡು ತತ್ತಿ: 1600 ಮೀಟರಿಗೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ.

ಹಾಗಂತ ಉಂಡರೂ ಓಡಲಾಗದವರಿದ್ದಾರೆ. ಅವರ ಹಿಮೋಗ್ಲೋಬಿನ್ ನೋಡಬೇಕು. ಕರ್ನಾಟಕದಲ್ಲಿ 15ರಿಂದ 49ರ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಗಂಡುಹುಡುಗರೂ ಪೂರ್ತಿ ಹೊರತಲ್ಲ. ಆಮ್ಲಜನಕ ಹೊರುವ ಗಾಡಿಗಳೇ ಕಡಿಮೆ ಇರುವಾಗ ಎತ್ತಿಗೆ ಚಾಟಿ ಬೀಸಿ ಪ್ರಯೋಜನ ಇಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬೆರಳಿಗೆ ಚುಚ್ಚಿ ನೋಡಿದರೆ ಗೊತ್ತಾಗುತ್ತದೆ. ಆ ಒಂದು ಸೂಜಿಗೆ ನನ್ನ ತಕರಾರಿಲ್ಲ.

ಮತ್ತೆ ಹುಡಗಿಯ ರಸ್ತೆಗೆ. ಆರು ನಲವತ್ತೆಂಟರ ಹುಡುಗನಿಗೆ ಹಗೇವು, ಬ್ರೇಕಿನ ವೈರು, ಸಿಂಪ್ಸನ್ ಎಲ್ಲ ಹೇಳಿದೆ. ಸಭ್ಯವಾಗಿ ಕೇಳಿಸಿಕೊಂಡ. ಸೀಸೆಯನ್ನು ಮತ್ತೆ ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟ. ಹೊರಡುವ ಮೊದಲು ನನಗೊಂದು ಕುತೂಹಲ: “ಈ 800 ಮೀಟರ್ ಯಾರು ಅಳೆದದ್ದು?”

“ಬೈಕಿನ ಮೀಟರ್ ನೋಡಿ ಹಾಕೀವ್ರಿ.”

ಬೈಕಿನ ಮೀಟರಿನ ಕೊನೆಯ ಅಂಕಿ ತಿರುಗುವುದು ನೂರು ಮೀಟರಿಗೆ ಒಮ್ಮೆ. ಎಂಟು ಮೂಡಿದ ಕ್ಷಣಕ್ಕೆ ನಿಲ್ಲಿಸಿದರೆ 800; ಎಂಟು ಕಂಡಿತಲ್ಲ ಎಂದು ಆರಾಮಾಗಿ ಬ್ರೇಕ್ ಹಾಕಿದರೆ 850ಕ್ಕೂ ಅದು ಎಂಟೇ. ಹುಡುಗರಲ್ಲೊಬ್ಬ ಗಾರೆ ಕೆಲಸದವನು. ಅವನ ಮನೆಯಿಂದ ಅಳತೆಯ ಟೇಪು ಬಂತು. ಸೂರ್ಯ ಮೇಲೇರುವಷ್ಟರಲ್ಲಿ ಇಬ್ಬರು ಟೇಪು ಹಿಡಿದು, ಒಬ್ಬ ಚಾಕ್‌ಪೀಸಿನಲ್ಲಿ ಗುರುತು ಹಾಕುತ್ತ ಬೇವಿನ ಮರದವರೆಗೆ ಹೋದರು. ಅಲ್ಲಿಂದ ಕೂಗಿ ಹೇಳಿದರು: 846.

ಹೋಗಿ ಬಂದರೆ 1692. ತಿಂಗಳಿಂದ ಆ ಹುಡುಗ ದಿನಾ 92 ಮೀಟರ್ ಹೆಚ್ಚು ಓಡುತ್ತಿದ್ದ. ಮೊಬೈಲಿನಲ್ಲಿ ಲೆಕ್ಕ ಹಾಕಿದೆವು. ಅದೇ ವೇಗದಲ್ಲಿ ಸರಿಯಾದ 1600ಕ್ಕೆ ಆರು ನಿಮಿಷ ಇಪ್ಪತ್ತಾರು ಸೆಕೆಂಡು.

ಅವನು ಇನ್ನೊಮ್ಮೆ ಲೆಕ್ಕ ಹಾಕಿಸಿದ. ಆಮೇಲೆ ಬ್ಯಾಗಿನ ಒಳಜೇಬು ಮುಟ್ಟಿ ನೋಡಿಕೊಂಡು ಕೇಳಿದ: “ಇದ್ನ ಕೊಟ್ಟಾವ ರೊಕ್ಕ ವಾಪಸ್ ಕೊಡ್ತಾನೇನ್ರಿ?”